ನಿದ್ರೆಯ ಪಾಠ ಯಾರಿಗೆ?

ಹಸುಗೂಸಿರುವ ಮನೆಗೆ ಹೋದವರು ತೊಟ್ಟಿಲಿಗೆ ಇಣುಕಿ ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: “ರಾತ್ರಿ ನಿದ್ದೆ ಮಾಡುತ್ತದೆಯೆ?” ಮಾಡುತ್ತದೆ ಎಂದರೆ ಮಗು ಜಾಣ. ಇಲ್ಲವೆಂದರೆ ಮಗು ಹಟಮಾರಿ, ತಾಯಿ ಏನೂ ಅರಿಯದವಳು. ನನ್ನ ಅಧ್ಯಾಪನದ ವರ್ಷಗಳಲ್ಲಿ ಅನೇಕ ಬಗೆಯ ಪರೀಕ್ಷೆಗಳನ್ನು ಕಂಡಿದ್ದೇನೆ. ಇಷ್ಟು ಅನ್ಯಾಯದ ಪರೀಕ್ಷೆಯನ್ನು ಕಂಡಿಲ್ಲ. ಕಲಿಯುವ ವಯಸ್ಸೇ ಬಾರದ ಜೀವವನ್ನು ಪರೀಕ್ಷೆಗೆ ಕೂರಿಸಿ, ಅದು ಅನುತ್ತೀರ್ಣವಾಯಿತೆಂದು ತಾಯಿಯ ಕಿವಿ ಹಿಂಡುವುದು ಯಾವ ಶಾಲೆಯ ನಿಯಮ?

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಂದೆತಾಯಿಗಳಾಗಿದ್ದೀರಿ. ಕೆಲವರು ಬೆಂಗಳೂರಿನಲ್ಲಿ, ಕೆಲವರು ದೂರದ ದೇಶಗಳಲ್ಲಿ ಸಂಸಾರ ಹೂಡಿದ್ದೀರಿ. ನಿಮಗೂ ನಿಮ್ಮ ಮನೆಯ ಹಿರಿಯರಿಗೂ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ: ನಿದ್ರೆಯ ವಿಷಯದಲ್ಲಿ ಮೊದಲು ಪಾಠ ಬೇಕಾಗಿರುವುದು ಮನೆಯವರಿಗೆ, ಅದರಲ್ಲಿಯೂ ಗಂಡಸರಿಗೆ. ಮಗುವಿನ ಸರದಿ ಆಮೇಲೆ.

ಮಗುವಿನ ಪಕ್ಷವನ್ನು ಕೇಳೋಣ. ನವಜಾತ ಶಿಶು ದಿನಕ್ಕೆ 14ರಿಂದ 17 ಗಂಟೆಗಳವರೆಗೆ ನಿದ್ರಿಸುತ್ತದೆ, ಆದರೆ ತುಂಡು ತುಂಡಾಗಿ. ಹಗಲು ರಾತ್ರಿಗಳ ಭೇದವನ್ನು ತಿಳಿಸುವ ದೇಹದ ಗಡಿಯಾರ ಹುಟ್ಟುವಾಗ ಸಿದ್ಧವಾಗಿರುವುದಿಲ್ಲ. ಎರಡು ಮೂರು ತಿಂಗಳುಗಳಲ್ಲಿ ಮೆಲ್ಲನೆ ರೂಪುಗೊಳ್ಳುತ್ತದೆ. ಹೊಟ್ಟೆ ಪುಟ್ಟದು, ತಾಯಿಯ ಹಾಲು ಬೇಗ ಜೀರ್ಣವಾಗುವಂಥದು. ಹಾಲಿನ ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ತಾಯಿಯ ದೇಹದಲ್ಲಿ ರಾತ್ರಿಯ ಹೊತ್ತೇ ಹೆಚ್ಚಾಗಿರುತ್ತದೆ. ಹಾಗಿರುವಾಗ ನಡುರಾತ್ರಿ ಎದ್ದು ಅಳುವ ಕೂಸನ್ನು ಹಟಮಾರಿ ಎನ್ನುವುದೆಂತು? ಅದು ಊಟ ಕೇಳುತ್ತಿದೆ.

ಮೂರು ತಿಂಗಳಿಗೆ ಇದು ಮುಗಿಯುತ್ತದೆಂದೂ ತಿಳಿಯಬೇಡಿ. ಕೆನಡಾದಲ್ಲಿ ನಡೆದು, 2018ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳ ಶಿಶುಗಳ ಪೈಕಿ ಶೇಕಡಾ 38ರಷ್ಟು ಸತತವಾಗಿ ಆರು ಗಂಟೆ ನಿದ್ರಿಸುತ್ತಿರಲಿಲ್ಲ. ವರ್ಷ ತುಂಬಿದಾಗಲೂ ಶೇಕಡಾ 28ರಷ್ಟು ಮಕ್ಕಳ ಸ್ಥಿತಿ ಅದೇ. ಹಾಗೆ ಎದ್ದೇಳುವ ಮಕ್ಕಳ ಬೆಳವಣಿಗೆ ಉಳಿದವರಿಗಿಂತ ಹಿಂದೆ ಬಿದ್ದಿರಲಿಲ್ಲ.

ಈ ಸತ್ಯವನ್ನು ಮರೆಸುವವರು ಎರಡು ಪಂಗಡ. ಮೊದಲನೆಯವರು ನಮ್ಮವರೇ ಆದ ಹಿರಿಯರು. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಸವರುವುದು, ಹಿಂದೊಮ್ಮೆ ಕೆಲವೆಡೆ ಅಫೀಮನ್ನೇ ಕೊಡುತ್ತಿದ್ದುದು, ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳು. ಜಾಯಿಕಾಯಿಯ ಪ್ರಮಾಣ ಮೀರಿದರೆ ವಿಷ. ಮತ್ತು ಬಂದ ಮಗುವನ್ನು ನಿದ್ರಿಸುತ್ತಿದೆ ಎಂದುಕೊಳ್ಳುತ್ತೇವೆ. ಜೇನನ್ನು ವರ್ಷ ತುಂಬುವವರೆಗೆ ಕೊಡಲೇಬಾರದು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಬೋರಲು ಮಲಗಿಸಿದರೆ ಮಗು ಗಾಢವಾಗಿ ಮಲಗುತ್ತದೆ ಎಂಬುದೂ ನಿಜ, ಅಪಾಯವಿರುವುದೂ ಅಲ್ಲಿಯೇ. ಶಿಶುಗಳನ್ನು ಅಂಗಾತ ಮಲಗಿಸಿರೆಂಬ ಪ್ರಚಾರ 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಮೇಲೆ, ನಿದ್ರೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಪ್ರಮಾಣ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು.

ಎರಡನೆಯವರು ವ್ಯಾಪಾರಿಗಳು. ಇಷ್ಟು ವಾರಗಳಲ್ಲಿ ರಾತ್ರಿಯಿಡೀ ನಿದ್ರೆ ಎಂದು ಭರವಸೆಯಿತ್ತು, ಹಣ ಪಡೆದು ತರಬೇತಿ ನೀಡುವವರು. ಇವರ ಮಾತು ಹೊಸದೇನಲ್ಲ. ಮಗುವನ್ನು ಮುದ್ದಿಸಬಾರದು, ಅಪ್ಪಿಕೊಳ್ಳಬಾರದು ಎಂಬ ಕಠೋರ ಉಪದೇಶವನ್ನು 1928ರಲ್ಲಿಯೇ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಗ್ರಂಥರೂಪದಲ್ಲಿ ಕೊಟ್ಟಿದ್ದರು. 1985ರಲ್ಲಿ ರಿಚರ್ಡ್ ಫರ್ಬರ್ ಎಂಬ ವೈದ್ಯರು ಇದಕ್ಕಿಂತ ಮೃದುವಾದ ಕ್ರಮವೊಂದನ್ನು ಪ್ರಚಾರಕ್ಕೆ ತಂದರು: ಮಗುವನ್ನು ಮಲಗಿಸಿ ಹೊರಬಂದು, ಅತ್ತರೆ ಸ್ವಲ್ಪ ಸ್ವಲ್ಪವೇ ಹೆಚ್ಚುವ ಅಂತರದಲ್ಲಿ ಹೋಗಿ ಸಂತೈಸುವುದು. ನ್ಯಾಯವಾಗಿ ಹೇಳಬೇಕಾದರೆ, ಅಂಥ ಕ್ರಮಗಳಿಂದ ಹಾನಿಯಾಗುತ್ತದೆಂದು ಸಿದ್ಧವಾಗಿಲ್ಲ. ಆಸ್ಟ್ರೇಲಿಯದಲ್ಲಿ ಏಳೆಂಟು ತಿಂಗಳ ಶಿಶುಗಳಿಗೆ ಇಂಥ ಕ್ರಮವನ್ನು ಅನ್ವಯಿಸಿ, ಐದು ವರ್ಷಗಳ ಬಳಿಕ ಪರಿಶೀಲಿಸಿದ ವರದಿ 2012ರಲ್ಲಿ ಹೊರಬಂದಿತು. ಆರಂಭದಲ್ಲಿ ತಾಯಂದಿರಿಗೆ ಅನುಕೂಲವಾಗಿತ್ತು; ಮುಂದೆ ಕೆಡುಕೂ ಕಾಣಲಿಲ್ಲ, ಶಾಶ್ವತ ಲಾಭವೂ ಕಾಣಲಿಲ್ಲ. ಹಾಗಾದರೆ ನನ್ನ ತಕರಾರೇನು? ಏಳು ತಿಂಗಳಿಗೆ ಒಪ್ಪಬಹುದಾದ ಕ್ರಮವನ್ನು ಎರಡು ತಿಂಗಳ ಕೂಸಿಗೆ ಹೇರುವುದು ಹಾಗೂ ಅದು ಫಲಿಸದಿದ್ದಾಗ ತಾಯಿಯೇ ಸೋತಳೆಂದು ನಂಬಿಸುವುದು.

ಕಲಿಸಬಹುದಾದದ್ದು ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಗಲು ಬೆಳಕು, ಮಾತು, ಆಟ ಇರಲಿ. ರಾತ್ರಿಯ ಹಾಲೂಡಿಕೆ ಮಂದ ಬೆಳಕಿನಲ್ಲಿ, ಸದ್ದಿಲ್ಲದೆ ನಡೆಯಲಿ. ಸಂಜೆಯ ಕ್ರಮ ದಿನವೂ ಒಂದೇ ಆಗಿರಲಿ: ಬಿಸಿನೀರಿನ ಸ್ನಾನ, ಹಾಲು, ಜೋಗುಳ. ಪೂರ್ತಿ ನಿದ್ದೆ ಹತ್ತುವ ಮೊದಲೇ, ಕಣ್ಣು ಜೊಂಪು ಹಿಡಿಯುವಾಗ ಕೆಳಗೆ ಮಲಗಿಸಿ. ಮಿಸುಕಿದೊಡನೆ ಎತ್ತಿಕೊಳ್ಳದೆ ಅರೆಗಳಿಗೆ ನೋಡಿ. ಎಷ್ಟೋ ಸಲ ತಾನೇ ಮತ್ತೆ ಮಲಗುತ್ತದೆ. ಜ್ವರವಿದ್ದರೆ, ಹಾಲು ಕುಡಿಯದಿದ್ದರೆ, ತೂಕ ಏರದಿದ್ದರೆ, ಏನು ಮಾಡಿದರೂ ಅಳು ನಿಲ್ಲದಿದ್ದರೆ ಯಾವ ಮನೆಮದ್ದನ್ನೂ ಮಾಡದೆ ವೈದ್ಯರ ಬಳಿಗೆ ಹೋಗಿ.

ಇಷ್ಟೆಲ್ಲ ಮಾಡಿದರೂ ಮಗು ಏಳುತ್ತದೆ. ಆಗ ಯಾರು ಏಳಬೇಕು ಎಂಬುದೇ ನಿಜವಾದ ಪ್ರಶ್ನೆ. ನಮ್ಮ ಬಾಣಂತನದ ಪದ್ಧತಿಯಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ಲೇಹ್ಯ, ಸಾಂಬ್ರಾಣಿಗಳಿಗಿಂತ ದೊಡ್ಡ ಔಷಧವೆಂದರೆ ಪಕ್ಕದಲ್ಲಿ ಎಚ್ಚರವಿದ್ದ ಅಜ್ಜಿ ಅಥವಾ ಚಿಕ್ಕಮ್ಮ. ತವರಿನಿಂದ ಮರಳಿ ಎರಡು ಕೋಣೆಯ ಮನೆಗೆ ಬಂದ ಹೆಣ್ಣಿಗೆ ಆ ಔಷಧ ತಪ್ಪಿತು. ಆ ಜಾಗದಲ್ಲಿ ನಿಲ್ಲಬೇಕಾದ ಗಂಡ, “ಬೆಳಗ್ಗೆ ಆಫೀಸಿದೆ” ಎಂದು ಪಕ್ಕದ ಕೋಣೆಗೆ ಹಾಸಿಗೆ ಒಯ್ದ.

ಅವಳಿಗೆ ಆಫೀಸಿಲ್ಲವೆ? 2017ರ ತಿದ್ದುಪಡಿಯಿಂದ ನಮ್ಮ ದೇಶದಲ್ಲಿ ಮೊದಲೆರಡು ಹೆರಿಗೆಗಳಿಗೆ ವೇತನಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಸ್ವಾಗತಾರ್ಹ. ಆದರೆ 26 ವಾರವೆಂದರೆ ಆರು ತಿಂಗಳು. ಮೇಲೆ ಹೇಳಿದ ಲೆಕ್ಕದಂತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ಇನ್ನೂ ಸರಿಯಾಗಿ ಮಲಗದ ಕಾಲದಲ್ಲಿಯೇ ಆಕೆ ಕೆಲಸಕ್ಕೆ ಹಾಜರಾಗಬೇಕು. ತಂದೆಗೋ, ಕೇಂದ್ರ ಸರ್ಕಾರದ ನೌಕರನಾದರೆ 15 ದಿನಗಳ ರಜೆ. ಖಾಸಗಿ ಕೆಲಸವಾದರೆ ಮಾಲೀಕನ ಮರ್ಜಿ. ರಜೆಯಿದ್ದರೂ ಅದು ನಾಮಕರಣದ ಓಡಾಟಕ್ಕೆ ಮುಗಿಯುತ್ತದೆ.

ನಿದ್ರೆಯಿಲ್ಲದ ರಾತ್ರಿಗಳು ಬಾಣಂತಿಯನ್ನು ಖಿನ್ನತೆಗೆ ತಳ್ಳಬಲ್ಲವು. ಅದು ಕಾಯಿಲೆ, “ನಾವೆಲ್ಲ ಹೆತ್ತಿಲ್ಲವೆ?” ಎಂಬ ಮಾತಿನಿಂದ ವಾಸಿಯಾಗುವಂಥದಲ್ಲ. ಆದ್ದರಿಂದ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗರೇ, ಎದೆಹಾಲೊಂದನ್ನು ಬಿಟ್ಟರೆ ಉಳಿದ ಯಾವ ಕೆಲಸಕ್ಕೂ ನೀವು ಅನರ್ಹರಲ್ಲ. ಒದ್ದೆ ಬಟ್ಟೆ ಬದಲಿಸುವುದು, ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ತೊಟ್ಟಿಲು ತೂಗುವುದು ನಿಮ್ಮಿಂದಾಗುತ್ತದೆ. ತಾಯಿ ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದೂ ಆಗುತ್ತದೆ. ರಾತ್ರಿಯನ್ನು ಎರಡು ಪಾಳಿ ಮಾಡಿ, ಒಂದನ್ನು ನೀವು ವಹಿಸಿಕೊಳ್ಳಿ. ಆಕೆಗೆ ನಾಲ್ಕೈದು ಗಂಟೆ ಎಡೆಬಿಡದ ನಿದ್ರೆ ಸಿಗಲಿ. ಮನೆಗೆ ಬಂದ ಹಿರಿಯರು ಮಗುವಿನ ನಿದ್ರೆ ವಿಚಾರಿಸಿದರೆ ಉತ್ತರ ಕೊಡುವ ಹೊಣೆಯನ್ನೂ ನೀವೇ ಹೊರಿ. ರಾತ್ರಿ ಎಷ್ಟು ಸಲ ಎದ್ದಿತೆಂದು ಲೆಕ್ಕ ಹೇಳಬಲ್ಲ ತಂದೆಯೇ ತನ್ನ ಪಾಠ ಕಲಿತವನು.