ಕೆಲಸ ಬಿಟ್ಟ ಮೇಲೂ ಬಿಡದ ಕರಾರು

ಪುಣೆ–ಸೋಲಾಪುರ ಹೆದ್ದಾರಿಯಲ್ಲಿ ದೌಂಡ ತಾಲ್ಲೂಕಿನ ಕುರಕುಂಭ ಬಂತೆಂದರೆ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಶುರು. ಇಂಥ ಉದ್ಯಮದಲ್ಲಿ ಯಂತ್ರಕ್ಕಿಂತ ಬೆಲೆಬಾಳುವುದು ತಯಾರಿಕೆಯ ಮರ್ಮ: ಯಾವ ದ್ರಾವಕ, ಎಷ್ಟು ಉಷ್ಣತೆ, ಎಷ್ಟು ಹೊತ್ತು. ಅದರಲ್ಲಿ ಒಂದು ಪಾಲು ಕಂಪನಿಯ ಕಡತದಲ್ಲಿರುತ್ತದೆ. ಇನ್ನೊಂದು ಪಾಲು ವರ್ಷಗಟ್ಟಲೆ ಪಾಳಿಯಲ್ಲಿ ದುಡಿದ ಕೆಮಿಸ್ಟ್‌ನ ತಲೆಯಲ್ಲಿ, ಆಪರೇಟರ್‌ನ ಕೈಯಲ್ಲಿರುತ್ತದೆ. ಆತ ರಾಜೀನಾಮೆ ಕೊಟ್ಟು ಪಕ್ಕದ ಕಾರ್ಖಾನೆ ಸೇರಿದರೆ ಕದ್ದಂತಾಯಿತೇ, ಅಥವಾ ತನ್ನದನ್ನೇ ತಾನು ಕೊಂಡೊಯ್ದಂತಾಯಿತೇ?

ಕುರಕುಂಭದಲ್ಲಿ ಘಟಕವಿರುವ ಪುಣೆಯ ಔಷಧ ಕಂಪನಿ ಎಮ್‌ಕ್ಯೂರ್ 2022ರ ಮಾರ್ಚ್‌ನಲ್ಲಿ ವ್ಯಾಪಾರ ರಹಸ್ಯದ ದೊಡ್ಡ ದಾವೆಯೊಂದನ್ನು ಎದುರಿಸಿತು. ತನ್ನ ಆರ್‌ಎನ್‌ಎ ಲಸಿಕೆಯ ತಂತ್ರಜ್ಞಾನ ಕಳುವಾಗಿದೆ ಎಂದು ಸಿಯಾಟಲ್‌ನ ಎಚ್‌ಡಿಟಿ ಬಯೋ ಅಮೆರಿಕದ ಕೋರ್ಟಿಗೆ ಹೋಗಿ 95 ಕೋಟಿ ಡಾಲರ್ ಪರಿಹಾರ ಕೇಳಿತು. ಎಮ್‌ಕ್ಯೂರ್ ಆರೋಪವನ್ನು ಅಲ್ಲಗಳೆಯಿತು. ಎರಡೂ ಕಡೆಯವರು ವಕೀಲರ ಪಡೆಯನ್ನೇ ನಿಲ್ಲಿಸಬಲ್ಲವರು. ಅಂಥವರ ಜಗಳವನ್ನು ಕೋರ್ಟು ನೋಡಿಕೊಳ್ಳುತ್ತದೆ. ಚಿಂತೆಯಿರುವುದು ತಿಂಗಳ ಸಂಬಳದ ಮೇಲೆ ಸಂಸಾರ ನಡೆಸುವ ನೌಕರನದು. ಅವನ ಆಫರ್ ಲೆಟರ್‌ನಲ್ಲೂ ಈಗ ನಾನ್‌ಕಂಪೀಟ್ ಷರತ್ತು, ಅಂದರೆ ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ ಎಂಬ ಕರಾರು, ಬಂದು ಕೂತಿದೆ.

ಕಾನೂನು ನೌಕರನ ಪರವಾಗಿಯೇ ಇದೆ. ಯಾರನ್ನಾದರೂ ಕಾನೂನುಬದ್ಧ ವೃತ್ತಿ, ವ್ಯಾಪಾರದಿಂದ ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ. ಅದೇ ವರ್ಷ ಕ್ಯಾಲಿಫೋರ್ನಿಯಾ ಕೂಡ ಹೆಚ್ಚುಕಡಿಮೆ ಇದೇ ನಿಯಮವನ್ನು ತನ್ನ ಸಂಹಿತೆಗೆ ಸೇರಿಸಿಕೊಂಡಿತು. ಎರಡರ ಮೂಲವೂ ನ್ಯೂಯಾರ್ಕ್‌ಗಾಗಿ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ರೂಪಿಸಿದ್ದ ಸಂಹಿತೆಯ ಕರಡು. ಸಿಲಿಕಾನ್ ವ್ಯಾಲಿ ಬೆಳೆದದ್ದು ಆ ನಿಯಮದ ಅಡಿಯಲ್ಲೇ ಎಂಬುದನ್ನು ನಮ್ಮ ಕಂಪನಿಗಳು ಮರೆಯಬಾರದು.

ಸುಪ್ರೀಂ ಕೋರ್ಟ್ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಕಲ್ಯಾಣದ ಟೈರ್ ನೂಲಿನ ಕಾರ್ಖಾನೆಯೊಂದರಲ್ಲಿ ವಿದೇಶಿ ತಂತ್ರಜ್ಞಾನದ ತರಬೇತಿ ಪಡೆದ ಮೇಲ್ವಿಚಾರಕರೊಬ್ಬರು ಐದು ವರ್ಷದ ಕರಾರನ್ನು ನಡುವೆಯೇ ಮುರಿದು ರಾಜಸ್ಥಾನದ ಕೋಟಾದ ಕಂಪನಿ ಸೇರಿದ್ದರು. 1967ರಲ್ಲಿ ಕೋರ್ಟು ಅವರ ಮೇಲಿನ ತಡೆಯನ್ನು ಎತ್ತಿಹಿಡಿಯಿತು. ಏಕೆಂದರೆ ಆ ತಡೆ ಇದ್ದದ್ದು ಕರಾರಿನ ಅವಧಿಗೆ ಮಾತ್ರ, ಅದೇ ಬಗೆಯ ಕೆಲಸಕ್ಕೆ ಮಾತ್ರ. ಅವಧಿ ಮುಗಿದ ಮೇಲಿನ ಮಾತು ಬೇರೆ. ಕ್ರಿಕೆಟ್‌ನ ವೇಗದ ಬೌಲರ್ ಜಹೀರ್ ಖಾನ್ ಪ್ರಕರಣದಲ್ಲಿ ಅದು ತೀರ್ಮಾನವಾಯಿತು. ಅವರ ಜಾಹೀರಾತು ಪ್ರಚಾರ ನೋಡಿಕೊಳ್ಳುತ್ತಿದ್ದ ಪರ್ಸೆಪ್ಟ್ ಸಂಸ್ಥೆಯೊಂದಿಗಿನ ಮೂರು ವರ್ಷದ ಕರಾರು 2003ರಲ್ಲಿ ಮುಗಿದರೂ, ಹೊಸ ಒಪ್ಪಂದಕ್ಕೆ ಮೊದಲ ಹಕ್ಕು ತನ್ನದೇ ಎಂದು ಸಂಸ್ಥೆ ಪಟ್ಟು ಹಿಡಿದಿತ್ತು. ಅವಧಿಯ ಆಚೆಗೆ ಚಾಚುವ ಇಂಥ ನಿರ್ಬಂಧ ನಿಲ್ಲದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೀಗಿದ್ದೂ ಷರತ್ತು ಕೆಲಸ ಮಾಡುತ್ತದೆ, ಕೋರ್ಟಿನ ಹೊರಗೆ. ವಕೀಲರ ನೋಟಿಸ್ ಬಂದರೆ, ರಿಲೀವಿಂಗ್ ಲೆಟರ್ ತಡೆಹಿಡಿದರೆ, ಹೊಸ ಕಂಪನಿಯ ಎಚ್‌ಆರ್‌ಗೆ ಒಂದು ಇ-ಮೇಲ್ ಹೋದರೆ ಸಾಕು, ಮನೆ ಸಾಲದ ಕಂತು ಕಟ್ಟುವವನು ಹೊಸ ಕೆಲಸದ ಆಸೆ ಬಿಡುತ್ತಾನೆ. 27ನೇ ಕಲಂ ತನ್ನ ಪರ ಇದೆಯೆಂದು ಅವನಿಗೆ ಹೇಳುವವರು ಯಾರು?

2022ರಲ್ಲಿ ಇನ್ಫೊಸಿಸ್‌ನ ನೇಮಕಾತಿ ಪತ್ರ ಸುದ್ದಿಯಾದದ್ದು ಇಂಥದೇ ಷರತ್ತಿನಿಂದ. ಕೆಲಸ ಬಿಟ್ಟ ಮೇಲೆ ಆರು ತಿಂಗಳು ನೌಕರ ತಾನು ಕೆಲಸ ಮಾಡಿಕೊಟ್ಟ ಗ್ರಾಹಕರಿಗಾಗಿ ಟಿಸಿಎಸ್, ವಿಪ್ರೊ, ಐಬಿಎಂ, ಕಾಗ್ನಿಜೆಂಟ್, ಅಕ್ಸೆಂಚರ್‌ಗಳಲ್ಲಿ ದುಡಿಯುವಂತಿಲ್ಲ ಎಂಬುದು ಷರತ್ತು. ಪುಣೆಯ ಐಟಿ ನೌಕರರ ಸಂಘಟನೆ ‘ನೈಟ್ಸ್’ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಇದು ಜಗತ್ತಿನ ಹಲವೆಡೆ ಇರುವ ಪದ್ಧತಿ ಎಂದು ಕಂಪನಿ ಸಮರ್ಥಿಸಿಕೊಂಡಿತು. ಆದರೆ ಇನ್ಫೊಸಿಸ್ ಹುಟ್ಟಿದ್ದೇ 1981ರಲ್ಲಿ, ಇದೇ ಪುಣೆಯಲ್ಲಿ, ಪಟ್ನಿ ಕಂಪ್ಯೂಟರ್ಸ್ ಬಿಟ್ಟು ಬಂದ ಏಳು ಎಂಜಿನಿಯರ್‌ಗಳಿಂದ. ಅವರು ಕಲಿತ ಕೆಲಸವನ್ನೇ ಸ್ವತಂತ್ರವಾಗಿ ಮಾಡಿದರು, ಕರ್ನಾಟಕಕ್ಕೆ ಒಂದು ಉದ್ಯಮವನ್ನೇ ತಂದುಕೊಟ್ಟರು. ಅವರಿಗೆ ಸಿಕ್ಕ ಸ್ವಾತಂತ್ರ್ಯ ಇಂದಿನ ಕಿರಿಯರಿಗೂ ಸಿಗಬೇಕು.

ಕಂಪನಿಗಳ ಆತಂಕ ಸುಳ್ಳಲ್ಲ. ಗ್ರಾಹಕರ ಪಟ್ಟಿ, ಸೋರ್ಸ್ ಕೋಡ್, ಬ್ಯಾಚ್ ದಾಖಲೆಯನ್ನು ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಹೋಗುವುದು ಕಳ್ಳತನವೇ. ತರಬೇತಿಗೆ ಹಣ ಸುರಿದ ಸಂಸ್ಥೆ ಇಂತಿಷ್ಟು ವರ್ಷ ಇರು ಎಂದು ಕೇಳುವುದೂ ಅನ್ಯಾಯವಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಬಾಂಡನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆ ಬಾಂಡ್ ಹಣ ಕೇಳಿತೇ ಹೊರತು ಬೇರೆ ಬ್ಯಾಂಕ್ ಸೇರಬೇಡ ಎನ್ನಲಿಲ್ಲ. ತನ್ನ ಮಾಜಿ ಹಣಕಾಸು ಮುಖ್ಯಸ್ಥ ಜತಿನ್ ದಲಾಲ್ ಕಾಗ್ನಿಜೆಂಟ್ ಸೇರಲು ಹೊರಟಾಗ ವಿಪ್ರೊ 2023ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ 25.15 ಕೋಟಿ ರೂಪಾಯಿ ಕೇಳಿತ್ತು, ಮರುವರ್ಷ ರಾಜಿಯಾಯಿತು. ಕೋಟಿಗಳ ಸಂಬಳ ಪಡೆದವರು ರಾಜಿ ಮಾಡಿಕೊಳ್ಳಬಲ್ಲರು. ಅದೇ ಅಳತೆಗೋಲನ್ನು ಹೊಸದಾಗಿ ಸೇರಿದ ಪ್ರೋಗ್ರಾಮರ್‌ಗೆ ಹಿಡಿಯಲಾಗದು.

ವ್ಯಾಪಾರ ರಹಸ್ಯಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯೊಂದಿಗೆ ಮಸೂದೆಯ ಕರಡನ್ನೂ ಕೊಟ್ಟಿದೆ. ಕಾಯ್ದೆ ಬರಲಿ, ಬೇಕು. ಆದರೆ ದುಡಿಯುತ್ತ ಗಳಿಸಿದ ಅನುಭವ, ಕೌಶಲ ನೌಕರನದೇ ಎಂಬುದು ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು. ಕದ್ದದ್ದು ಏನೆಂದು ಗುರುತಿಸಿ ತೋರಿಸುವ ಹೊಣೆ ಕಂಪನಿಯ ಮೇಲಿರಬೇಕು. ಕೋರ್ಟಿನಲ್ಲಿ ನಿಲ್ಲದೆಂದು ಗೊತ್ತಿದ್ದೂ ಷರತ್ತು ಬರೆಸಿಕೊಳ್ಳುವವರಿಗೆ ದಂಡ ಬೀಳಬೇಕು.

ಮೇಲಿನ ಹುದ್ದೆಯವರನ್ನು ಕೆಲಕಾಲ ತಡೆಯುವುದು ನಿಜಕ್ಕೂ ಅಗತ್ಯವೆಂದಾದರೆ ಜರ್ಮನಿಯ ದಾರಿಯನ್ನು ಚರ್ಚಿಸಬಹುದು. ಅಲ್ಲಿ ಇಂಥ ನಿರ್ಬಂಧಕ್ಕೆ ಎರಡು ವರ್ಷದ ಮಿತಿಯಿದೆ. ಆ ಅವಧಿಯುದ್ದಕ್ಕೂ ಮಾಲೀಕ ಕೊನೆಯ ಸಂಬಳ, ಸೌಲಭ್ಯಗಳ ಕನಿಷ್ಠ ಅರ್ಧದಷ್ಟನ್ನು ಕೊಡುವ ಮಾತು ಕೊಡಬೇಕು, ಇಲ್ಲದಿದ್ದರೆ ನೌಕರ ಅದಕ್ಕೆ ಕಟ್ಟುಬೀಳಬೇಕಿಲ್ಲ. ನಮ್ಮ ಕಂಪನಿಗಳು ನೌಕರನ ಆರು ತಿಂಗಳು, ವರ್ಷವನ್ನು ಬಿಡಿಗಾಸು ಕೊಡದೆ ಕೇಳುತ್ತಿವೆ.