ಮುಕ್ತ ತಂತ್ರಾಂಶಕ್ಕೆ ಬೀಗ: ನಮ್ಮ ಲೆಕ್ಕಪತ್ರಗಳ ಗತಿಯೇನು?

ಬೈಲಹೊಂಗಲದ ಹತ್ತಿ ವ್ಯಾಪಾರಸ್ಥರಿಗೂ ರಾಮದುರ್ಗದ ನೇಕಾರಿಕೆ ಘಟಕಗಳಿಗೂ ರೆಡಿಸ್, ಟೆರಾಫಾರ್ಮ್ ಎಂಬ ಹೆಸರುಗಳು ಅಪರಿಚಿತವೇ ಸರಿ. ಆದರೆ ನಾವು ಬಾಡಿಗೆಗೆ ಪಡೆಯುವ ಬಿಲ್ಲಿಂಗ್ ಸೇವೆಗಳು ಇಂತಹ ತಂತ್ರಾಂಶಗಳ ಮೇಲೆ ನಿಂತಿರುವುದುಂಟು. ಸಾಹಸ ಬಂಡವಾಳದಿಂದ ಬೆಳೆದ ಮೊಂಗೋಡಿಬಿ 2018ರಲ್ಲಿ, ಇಲಾಸ್ಟಿಕ್ 2021ರಲ್ಲಿ, ಟೆರಾಫಾರ್ಮ್ ತಯಾರಕರಾದ ಹ್ಯಾಶಿಕಾರ್ಪ್ 2023ರಲ್ಲಿ, ರೆಡಿಸ್ 2024ರಲ್ಲಿ ತಮ್ಮ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಿದವು. ತಮ್ಮ ಶ್ರಮವನ್ನು ಅನ್ಯರು ಮಾರಿಕೊಂಡು ಲಾಭ ಗಳಿಸುತ್ತಿದ್ದಾರೆಂಬುದು ಅವುಗಳ ದೂರು. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಹೂಡಿಕೆದಾರನು ಪ್ರತಿಫಲ ಕೇಳುವನೆಂಬುದು ಮೊದಲ ದಿನವೇ ತಿಳಿದಿತ್ತಲ್ಲವೆ?

ಒಮ್ಮೆ ಮುಕ್ತವಾಗಿ ಕೊಟ್ಟ ಹಳೆಯ ಆವೃತ್ತಿಯನ್ನು ಹಿಂಪಡೆಯಲಾಗದು. ಅದನ್ನೇ ಆಧರಿಸಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಓಪನ್‌ಟೋಫು, ವಾಲ್ಕಿ ಹುಟ್ಟಿದವು. ಇಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಮುಕ್ತ ಪರವಾನಗಿಯ ಆಯ್ಕೆಯನ್ನು ಮರಳಿ ತಂದವು. ನನಗೆ ಮೆಚ್ಚುಗೆಯಾದುದು ಬೆಂಗಳೂರಿನ ಝೆರೋಧಾದ ಕ್ರಮ: ಸಾಹಸ ಬಂಡವಾಳವಿಲ್ಲದೆ ಬೆಳೆದ ಈ ಸಂಸ್ಥೆ, ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿಯನ್ನು 2024ರಲ್ಲಿ ಘೋಷಿಸಿತು.

ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕು. ಮಾರಾಟಗಾರನ ಪರವಾನಗಿ ಬದಲಾದರೂ ಆ ಹೊಣೆ ನಮ್ಮದೇ. ಆದುದರಿಂದ ಸವದತ್ತಿಯಾಗಲಿ ಕಿತ್ತೂರಾಗಲಿ, ವಾರ್ಷಿಕ ಚಂದಾ ನವೀಕರಿಸುವ ಮುನ್ನ ನಮ್ಮ ಎಲ್ಲ ದಾಖಲೆಗಳನ್ನು ಬೇರೆ ತಂತ್ರಾಂಶವು ಓದಬಲ್ಲ ರೂಪದಲ್ಲಿ ಕೊಡುವಿರಾ ಎಂದು ಸೇವಾದಾರರನ್ನು ಲಿಖಿತವಾಗಿ ಕೇಳತಕ್ಕದ್ದು.