ಗಾಳಿ ನಿಂತ ಮರುದಿನ

ಶನಿವಾರ ಮಲ್ಪೆಯಲ್ಲಿ ಬೋಟ್‌ನವರ ಜತೆ ಜಗಳವಾಡಿದೆ. ಅರಬ್ಬಿ ಸಮುದ್ರದ ವಾಯುಭಾರ ಕುಸಿತ ಕಳೆದು ಬಿಸಿಲು ಬಂದಿತ್ತು, ನನ್ನ ಮೊಬೈಲ್ ಆ್ಯಪ್‌ನಲ್ಲೂ ಗಾಳಿ ಕಮ್ಮಿ. ಆದರೂ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಬಿಡಲ್ಲ ಅಂದ್ರೆ?

"ಗಾಳಿ ನಿಂತಿದೆ, ಕಡಲು ನಿಲ್ಲಲಿಲ್ಲ ಮಾರಾಯ್ರೆ. ನಾಳೆ ಬನ್ನಿ" ಅಂದರು, ಅಷ್ಟೇ.

ಮೈಸೂರಿನಿಂದ ಅಮ್ಮನನ್ನು ಕರೆತಂದಿದ್ದೆ. 60 ದಾಟಿದರೂ ಒಮ್ಮೆಯೂ ಕಡಲಿಗಿಳಿದವಳಲ್ಲ. "ಬಿಡೋ, ದಡದಿಂದ ನೋಡಿದ್ದೇ ಸಾಕು" ಅಂದಳು.

ಭಾನುವಾರ ಮೇಲುನೋಟಕ್ಕೆ ಕಡಲು ಕೆರೆಯ ಹಾಗಿತ್ತು. ಸುಮಾರು 6 ಕಿ.ಮೀ., ಅರ್ಧ ಗಂಟೆ ದಾರಿ. ಲೈಫ್ ಜಾಕೆಟ್ ಪಟ್ಟಿ ಬಿಗಿಹಿಡಿದು ಕೂತಿದ್ದ ಅಮ್ಮ, ಬಂದರು ದಾಟಿದ ಮೇಲೆ ಕೈ ಸಡಿಲಿಸಿದಳು. ಇಂಜಿನ್ ಸದ್ದಿನ ನಡುವೆ ಏನೋ ಗುನುಗುತ್ತಿದ್ದಳು ಕೂಡ.

ದ್ವೀಪದ ಹತ್ತಿರ ನೀರು ಆಳವಿಲ್ಲ, ಕಲ್ಲು ಬೇರೆ. ದೊಡ್ಡ ಬೋಟಿನಿಂದ ಸಣ್ಣದಕ್ಕೆ ಇಳಿಯಬೇಕು. ಅಂಥ ಶಾಂತ ದಿನವೂ ಎರಡೂ ಒಟ್ಟಿಗೆ ಏರಿಳಿಯುತ್ತಿರಲಿಲ್ಲ. ನಡುವೆ ಗೇಣಗಲ ಸಂದು ತೆರೆಯುತ್ತ, ಮುಚ್ಚುತ್ತ ಇತ್ತು. ನಿನ್ನೆ ನಾನು ಜಗಳವಾಡಿದ್ದವರೇ "ಈಗ ಬೇಡ ಅಮ್ಮ... ಹಾಂ, ಈಗ!" ಅಂತ ಕೈ ಹಿಡಿದು ದಾಟಿಸಿದರು. ದೂರದ ಗಾಳಿ ಎಬ್ಬಿಸಿದ ಅಲೆ, ಗಾಳಿ ನಿಂತ ಮೇಲೂ ಬರುತ್ತಲೇ ಇರುತ್ತದೆ. ನಾನು ನೋಡಿದ್ದು ಗಾಳಿ ಮಾತ್ರ; ಅವರ ಕಣ್ಣು ಆ ಸಂದಿನ ಮೇಲಿತ್ತು.

ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಶಿಲಾಕಂಬಗಳ ಪಕ್ಕ ಅಮ್ಮ ಚಪ್ಪಲಿ ಬಿಚ್ಚಿ ಕೂತಳು. ಕರೆದರೂ ಏಳಲೊಲ್ಲಳು.

ವಾಪಸ್ ಬರುವಾಗ ಬೋಟ್‌ನವರಿಗೆ ಸಾರಿ ಹೇಳಿದೆ. "ಅದಿರಲಿ, ಅಮ್ಮನನ್ನು ಮಧ್ಯದಲ್ಲಿ ಕೂರಿಸಿ" ಅಂದರು.